ಪುಣೆ ನೋಡಲು ಬರುವವರು ಬಿಬವೇವಾಡಿಯಲ್ಲಿ ಯಾಕೆ ಉಳಿಯಬಾರದು?

ಡಿಸೆಂಬರ್ ಹತ್ತಿರ ಬಂದಂತೆ ನನಗೆ ಬೇರೆ ಬೇರೆ ಊರುಗಳಿಂದ ಒಂದೇ ಪ್ರಶ್ನೆ ಬರುತ್ತದೆ. ‘ಪುಣೆ ನೋಡಬೇಕು, ಎರಡು ಮೂರು ದಿನ ಇರ್ತೀವಿ, ಎಲ್ಲಿ ಉಳ್ಕೊಂಡ್ರೆ ಚಲೋ?’ ನಾನು ‘ಬಿಬವೇವಾಡಿ ಕಡೆ ನೋಡ್ರಿ’ ಅನ್ನುತ್ತೇನೆ. ಆ ಕಡೆಯವರು ಸ್ವಲ್ಪ ತಡೆದು, ‘ಅದು ಊರ ಹೊರಗಲ್ಲೇನು? ನಮಗೆ ನಿಜವಾದ ಪುಣೆ ಬೇಕಾಗಿತ್ತು’ ಅನ್ನುತ್ತಾರೆ.

ನನ್ನ ಜಗಳ ಇರುವುದು ಈ ‘ನಿಜವಾದ ಪುಣೆ’ಯ ಜೊತೆ. ಹನ್ನೊಂದು ವರ್ಷದಿಂದ ಬಿಬವೇವಾಡಿಯಲ್ಲಿ ಬಾಡಿಗೆ ಕಟ್ಟುತ್ತಿದ್ದೇನೆ. ಇದು ನಿಜವಾದ ಪುಣೆ ಅಲ್ಲವಾದರೆ ಇಷ್ಟು ದಿನ ನಾನು ಯಾವ ಊರಲ್ಲಿದ್ದೆ?

ನಿಜವಾದ ಪುಣೆ ಅಂದರೆ ಪೇಠೆಗಳು ಎಂಬುದು ಎಲ್ಲರ ನಂಬಿಕೆ. ಹಳೆಯ ಕಸಬಾ ಪೇಠೆ, ಆಮೇಲೆ ವಾರದ ಹೆಸರಿನ ಪೇಠೆಗಳು: ಸೋಮವಾರದಿಂದ ರವಿವಾರದವರೆಗೆ ಏಳೂ ಇವೆ. ಶನಿವಾರವಾಡಾಕ್ಕೆ ಒಂದನೇ ಬಾಜೀರಾಯ ಅಡಿಗಲ್ಲು ಹಾಕಿದ್ದು 1730ರಲ್ಲಿ. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಯಿತು. ಈಗ ಅಲ್ಲಿ ಉಳಿದಿರುವುದು ಗೋಡೆ, ದೊಡ್ಡ ಬಾಗಿಲುಗಳು, ಅಡಿಪಾಯ, ಕಾರಂಜಿಯ ಗುರುತು. ನೋಡಲೇಬೇಕಾದ ಜಾಗ, ನನ್ನ ತಕರಾರಿಲ್ಲ. ಆದರೆ ಅದನ್ನು ನೋಡಲು ಒಂದು ಬೆಳಿಗ್ಗೆ ಸಾಕು. ಮೂರು ರಾತ್ರಿ ಅದರ ಪಕ್ಕದಲ್ಲೇ ಮಲಗಬೇಕಾಗಿಲ್ಲ.

ಹತ್ತಿರ ಮಲಗಿದವರಿಗೆ ಹೆಚ್ಚು ಕಾಣುತ್ತದೆ ಎಂಬುದೂ ಸುಳ್ಳು. ದಗಡೂಶೇಟ್ ಗಣಪತಿಗೆ ಕೈಮುಗಿದು ಬರುವ ನೂರು ಜನರನ್ನು ಕೇಳಿ ನೋಡಿ, ಗುಡಿಯ ಎದುರಿಗೆ ಏನಿತ್ತು ಅಂತ. ಅಲ್ಲಿ ಭಿಡೇ ವಾಡಾ ಇತ್ತು. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಶಿಥಿಲವಾಗಿ ನಿಂತಿದ್ದ ಕಟ್ಟಡವನ್ನು ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರಿನಲ್ಲಿ ಕೆಡವಿದರು. ಅದು ನಿಂತಿದ್ದಾಗಲೂ ನಮ್ಮವರು ಅದರ ಮುಂದೆಯೇ ನಡೆದುಹೋಗಿ ಪೇಢೆ ಕೊಂಡು ಬಂದರು. ಎಲ್ಲಿ ಮಲಗುತ್ತೀರಿ ಎನ್ನುವುದಕ್ಕಿಂತ ಏನು ನೋಡಬೇಕೆಂದು ಬಂದಿದ್ದೀರಿ ಎನ್ನುವುದು ಮುಖ್ಯ.

ಇನ್ನು ‘ಊರ ಹೊರಗೆ’ ಎಂಬ ಮಾತು. ಬೆಳಗಾವಿ, ಕೊಲ್ಹಾಪುರದ ಕಡೆಯಿಂದ ಬರುವವರು ಕಾತ್ರಜ್ ದಾಟಿ ಸಾತಾರಾ ರಸ್ತೆಯಲ್ಲಿ ಬಂದು ಸ್ವಾರ್‌ಗೇಟಿನಲ್ಲಿ ಇಳಿಯುತ್ತಾರೆ. ಅಂದರೆ ನಮ್ಮ ಬಿಬವೇವಾಡಿಯ ಅಂಚು ಹಾದೇ ಬರುತ್ತಾರೆ. 2024ರ ಸೆಪ್ಟೆಂಬರ್ 29ರಿಂದ ಸ್ವಾರ್‌ಗೇಟಿನಲ್ಲಿ ನೆಲದಡಿಯ ಮೆಟ್ರೊ ಇದೆ. ಮೊದಲು ಮಂಡಈ, ಅದರ ಮುಂದಿನದೇ ಕಸಬಾ ಪೇಠೆ. ಬಿಬವೇವಾಡಿಯಿಂದ ಸ್ವಾರ್‌ಗೇಟಿಗೆ ಶೇರ್ ರಿಕ್ಷಾನೋ ಬಸ್ಸೋ ಹಿಡಿದರೆ ಮುಗಿಯಿತು. ಪೇಠೆಯ ಗಲ್ಲಿಗೆ ಕಾರು ತಂದು ನಿಲ್ಲಿಸಲು ಜಾಗ ಹುಡುಕುವವರು ನನಗಿಂತ ತಡವಾಗಿ ಶನಿವಾರವಾಡಾ ಮುಟ್ಟುತ್ತಾರೆ.

ಇತಿಹಾಸವೇ ಬೇಕೆಂದರೆ ಈ ದಕ್ಷಿಣದ ಕಡೆಯೂ ಬೇಕಾದಷ್ಟಿದೆ. ಶನಿವಾರವಾಡಾದ ಕಾರಂಜಿಗಳಿಗೆ ನೀರು ಎಲ್ಲಿಂದ ಹೋಗುತ್ತಿತ್ತು? ಹದಿನೆಂಟನೇ ಶತಮಾನದ ನಡುವೆ ನಾನಾಸಾಹೇಬ ಪೇಶ್ವೆ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಾಲುವೆಯಲ್ಲಿ ಊರೊಳಕ್ಕೆ ನೀರು ತಂದ. ಅದೇ ನಾನಾಸಾಹೇಬ ಪಾಣಿಪತ್ತಿನ ಸೋಲಿನ ನಂತರ 1761ರಲ್ಲಿ ಪ್ರಾಣ ಬಿಟ್ಟದ್ದು ಪರ್ವತಿ ಗುಡ್ಡದ ಮೇಲೆ. ಮತ್ತೆ 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ನದಿದಂಡೆಯ ಪೇಠೆಗಳು ಮುಳುಗಿದಾಗ, ಮನೆ ಕಳೆದುಕೊಂಡ ಎಷ್ಟೋ ಜನ ಪರ್ವತಿ, ಸಹಕಾರನಗರದ ಕಡೆ ಹೊಸ ವಸಾಹತುಗಳಿಗೆ ಬಂದರು. ನೀವು ಹುಡುಕುವ ಪೇಠೆಯ ಜನರ ಮೊಮ್ಮಕ್ಕಳು ನಮ್ಮ ಪಕ್ಕದ ಬಡಾವಣೆಯಲ್ಲಿದ್ದಾರೆ, ಸ್ವಾಮಿ!

ಕನ್ನಡಿಗರಾದ ನಾವು ನಮ್ಮದೇ ಚರಿತ್ರೆ ಹುಡುಕಿದರೂ ಪೇಠೆಗಳಾಚೆ ಬರಬೇಕಾಗುತ್ತದೆ. ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜು ಹೊಳೆಯ ಆಚೆ. ಕನ್ನಡ ಸಂಘದ ಶಾಲೆ ಎರಂಡವಣೆಯಲ್ಲಿ. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಸಂಗೀತೋತ್ಸವ ಎಷ್ಟೋ ವರ್ಷ ಪೇಠೆಯ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಅದು ಮುಕುಂದನಗರಕ್ಕೆ ಬಂದಿದೆ, ಸ್ವಾರ್‌ಗೇಟ್ ಮತ್ತು ಮಾರ್ಕೆಟ್ ಯಾರ್ಡಿನ ನಡುವೆ. ಡಿಸೆಂಬರಿನಲ್ಲಿ ನನಗೆ ಕೇಳುವವರಲ್ಲಿ ಅರ್ಧ ಜನ ಬರುವುದು ಆ ಉತ್ಸವಕ್ಕೇ! ಪೇಠೆಯಲ್ಲಿ ರೂಮು ಹಿಡಿದು ದಿನಾ ನಮ್ಮ ಕಡೆಗೇ ಬಂದು ಹೋಗುತ್ತಾರೆ, ಆದರೂ ನಮ್ಮದು ಊರ ಹೊರಗೆ.

ಮಾರ್ಕೆಟ್ ಯಾರ್ಡಿಗೆ ಬನ್ನಿ. ಬಿಬವೇವಾಡಿಯಲ್ಲಿ ಉಳಿದವರು ಬೆಳಗಿನ ಜಾವ ಎದ್ದು ನಡೆದೇ ಹೋಗಬಹುದು. ಪುಣೆ ಏನು ತಿನ್ನುತ್ತದೆ, ಅದನ್ನು ಯಾರು ಹೊರುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ನಮ್ಮ ಕರ್ನಾಟಕದ ಮಾವು ಲಾರಿಗಟ್ಟಲೆ ಇಳಿಯುತ್ತದೆ, ‘ಕರ್ನಾಟಕ ಹಾಪುಸ್’ ಅನ್ನುತ್ತಾರೆ. ಮಾವಿಗೂ ಇಲ್ಲಿ ‘ನಿಜವಾದದ್ದು ಯಾವುದು’ ಎಂಬ ಜಗಳವಿದೆ. ಭೌಗೋಳಿಕ ಗುರುತಿನ ಪಟ್ಟ 2018ರಲ್ಲಿ ಸಿಕ್ಕಿದ್ದು ಕೊಂಕಣದ ಹಾಪುಸ್‌ಗೆ. ಹೊರಗಿನ ಹಣ್ಣನ್ನು ರತ್ನಾಗಿರಿಯದೆಂದು ಮಾರುತ್ತಾರೆ ಎಂಬ ದೂರು ವರ್ಷವರ್ಷವೂ ಏಳುತ್ತದೆ.

ಮೂಟೆ ಹೊರುವ ಹಮಾಲರಿಗಾಗಿ ಬಾಬಾ ಆಢಾವ್ ಹಮಾಲ್ ಪಂಚಾಯತ್ ಕಟ್ಟಿದ ಊರು ಇದು. ಹಮಾಲರ ಹೋರಾಟದಿಂದಾಗಿ 1969ರಲ್ಲಿ ಮಹಾರಾಷ್ಟ್ರದಲ್ಲಿ ಅವರಿಗೊಂದು ಕಾಯ್ದೆ ಬಂತು. ಪಂಚಾಯತ್ 1970ರ ದಶಕದಲ್ಲಿ ಶುರು ಮಾಡಿದ ‘ಕಷ್ಟಾಚಿ ಭಾಕರ್’ ಊಟದ ಕೇಂದ್ರಗಳಲ್ಲಿ ದುಡಿಯುವ ಜನ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಭಾಕರಿ ತಿಂದರು. ಇದು ಇತಿಹಾಸ ಅಲ್ಲವೇ? ಪೇಶ್ವೆಯ ಊಟದ ಮೆನು ಹೇಳುವ ಗೈಡು ಇದನ್ನು ಹೇಳುವುದಿಲ್ಲ.

ಬಿಬವೇವಾಡಿ ಚೆಂದದ ಊರು ಅಂತ ನಾನು ಹೇಳುತ್ತಿಲ್ಲ. ಗಂಗಾಧಾಮ ಚೌಕದಲ್ಲಿ ಲಾರಿಗಳ ಸಾಲು, ಹಾರ್ನು, ಮಳೆಗಾಲದಲ್ಲಿ ಕೊಳೆತ ಸೊಪ್ಪಿನ ವಾಸನೆ ಎಲ್ಲ ಇದೆ. ಬಾಲ್ಕನಿಯಿಂದ ಯಾವ ಕೋಟೆಯೂ ಕಾಣುವುದಿಲ್ಲ. ಗಣೇಶೋತ್ಸವದ ವಿಸರ್ಜನೆ ನೋಡಲು ಬರುವವರು ಪೇಠೆಯಲ್ಲೇ ಉಳಿಯಿರಿ, ಆ ರಾತ್ರಿ ರಸ್ತೆಗಳೆಲ್ಲ ಬಂದ್ ಆಗಿರುತ್ತವೆ. ಉಳಿದ ದಿನಗಳಲ್ಲಿ ಆ ನೆಪ ನಡೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಪೇಠೆಯಷ್ಟೇ ಪುಣೆ ಅನ್ನುವುದು ಸದಾಶಿವ ಪೇಠೆಯವನ ಹೆಮ್ಮೆಯಾದರೆ ನಕ್ಕು ಸುಮ್ಮನಾಗಬಹುದು. ವಲಸೆ ಬಂದ ನಾವೇ ಅದನ್ನು ಒಪ್ಪಿಕೊಂಡು ನಮ್ಮ ನೆಂಟರಿಗೆ ದಾಟಿಸುತ್ತೇವಲ್ಲ? ಅಪ್ಪರ್ ಇಂದಿರಾನಗರದ ಗುಡ್ಡದಲ್ಲಿ ಗೋಡೆ ಕಟ್ಟುವ ಕಲಬುರಗಿಯವನ ಕನ್ನಡ ನನ್ನ ಕಿವಿಗೆ ದಿನಾ ಬೀಳುತ್ತದೆ. ಇದೇ ಗುಡ್ಡದ ಇಂಜಿನಿಯರಿಂಗ್ ಕಾಲೇಜಿಗೆ ನಮ್ಮ ಹುಡುಗರು ಓದಲು ಬರುತ್ತಾರೆ. ಪೇಠೆಯೊಂದೇ ಊರು ಅಂದರೆ ನಾವೆಲ್ಲ ಎಷ್ಟು ತಲೆಮಾರು ಇದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುವವರೇ.

ಬೆಂಗಳೂರಿನಲ್ಲಿಯೂ ಇದೇ ಕತೆ. ‘ನಿಜವಾದ ಬೆಂಗಳೂರು ನೋಡ್ಬೇಕಂದ್ರೆ ಬಸವನಗುಡಿ, ಮಲ್ಲೇಶ್ವರ’ ಅನ್ನುತ್ತೇವೆ. ಪೀಣ್ಯದಲ್ಲಿ ಲೇತ್ ತಿರುಗಿಸಿ ಮನೆ ಕಟ್ಟಿದವನು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಯಾವ ಊರಿನವರು?

ಆದ್ದರಿಂದ ಮುಂದಿನ ಸಲ ಪುಣೆಗೆ ಬರುವಾಗ ಹಗಲು ಪೇಠೆಗಳಲ್ಲಿ ನಡೆಯಿರಿ, ಕಾಲು ಸೋಲುವಷ್ಟು ನಡೆಯಿರಿ. ರಾತ್ರಿಗೆ ಮಾರ್ಕೆಟ್ ಯಾರ್ಡ್, ಬಿಬವೇವಾಡಿಯ ಕಡೆ ವ್ಯಾಪಾರಿಗಳು ಇಳಿದುಕೊಳ್ಳುವ ಒಂದು ಸಾದಾ ಲಾಡ್ಜು ಹಿಡಿಯಿರಿ. ನಸುಕಿನಲ್ಲಿ ಲಾರಿಯ ಸದ್ದಿಗೆ ಎಚ್ಚರವಾದರೆ ಬೈಯಬೇಡಿ. ಆ ಹೊತ್ತಿಗೆ ಪುಣೆಯ ಆ ದಿನದ ಕೆಲಸ ಶುರುವಾಗಿರುತ್ತದೆ, ಕೆಳಗಿಳಿದು ಹೋಗಿ ನೋಡಿ.