ಹೊಸೂರಿನ ಒಳದಾರಿಗಳು ಮತ್ತು ಕನ್ನಡದ ವಿದ್ಯಾರ್ಥಿ

ಬೆಂಗಳೂರಿನಿಂದ ಕೃಷ್ಣಗಿರಿಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯ ಪ್ರಯಾಣಿಕರಿಗೆ ಹೊಸೂರು ಎಂದರೆ ಒಂದು ಮೇಲ್ಸೇತುವೆ, ಸಾಲು ಕಾರ್ಖಾನೆಗಳು, ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ಗೋಪುರ. ಅತ್ತಿಬೆಲೆ ದಾಟಿದೊಡನೆ ನಾಮಫಲಕಗಳ ಲಿಪಿ ಬದಲಾಗುತ್ತದೆ. ಭಾಷೆಯೂ ಅಲ್ಲಿಯೇ ಬದಲಾಯಿತೆಂದು ಅವರು ತಿಳಿಯುತ್ತಾರೆ. ಈ ತಿಳಿವಳಿಕೆ ತಪ್ಪು. ಆದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವವರಿಗೆ ಅದು ತಪ್ಪೆಂದು ಅರಿವಾಗುವ ಬಗೆಯಿಲ್ಲ. ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದು, ಗಂಟೆಗೆ ಹನ್ನೆರಡೋ ಹದಿನೈದೋ ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುವವರಿಗೆ ಅದು ಮೊದಲ ಚಹದಂಗಡಿಯಲ್ಲಿಯೇ ಅರಿವಾಗುತ್ತದೆ. ಐಚ್ಛಿಕ ಕನ್ನಡವನ್ನು ಆರಿಸಿಕೊಂಡವರು ಹೊಸೂರು–ಕೃಷ್ಣಗಿರಿ ಸೀಮೆಯ ಒಳದಾರಿಗಳನ್ನು ಒಮ್ಮೆಯಾದರೂ ಸೈಕಲ್ಲಿನಲ್ಲಿ ಕ್ರಮಿಸಬೇಕು. ಅವು ಸದ್ದಿಲ್ಲದ ದಾರಿಗಳಾಗಿ ಉಳಿದಿರುವಾಗಲೇ ಕ್ರಮಿಸಬೇಕು.

ಸೈಕಲ್ ಪ್ರವಾಸವನ್ನು ಒಂದು ಸಂಸ್ಕೃತಿಯಾಗಿ ಬೆಳೆಸಿದ ದೇಶ ಫ್ರಾನ್ಸ್. ಬೆಟ್ಟಗಳಿಂದ ಸುತ್ತುವರಿದ ಸೇಂತ್ ಎತಿಯೆನ್ ನಗರದಲ್ಲಿ ನೆಲೆಸಿದ್ದ ಪೋಲ್ ದ ವಿವಿ ಎಂಬ ರೇಷ್ಮೆ ವ್ಯಾಪಾರಿ 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿ, 'ವೆಲೋಸಿಯೋ' ಎಂಬ ಹೆಸರಿನಲ್ಲಿ ಬರೆಯತೊಡಗಿದ. ಏರುದಾರಿಗೆ ಹಲವು ಗೇರುಗಳು ಬೇಕೆಂದು ಅವನು ವಾದಿಸಿದಾಗ ಪಂದ್ಯಪ್ರಿಯರು ಅದನ್ನು ಹಗುರವಾಗಿ ಕಂಡರು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ದೊರೆತದ್ದು 1937ರಲ್ಲಿ. ವೆಲೋಸಿಯೋ 1930ರಲ್ಲಿಯೇ ತೀರಿಕೊಂಡಿದ್ದ. ಹೆಮ್ಮೆಗಾಗಿ ಪೆಡಲು ತುಳಿಯಬಾರದೆಂಬುದು ಅವನ ಉಪದೇಶಗಳಲ್ಲೊಂದು. ಗೆಲ್ಲುವುದಕ್ಕಲ್ಲದೆ ನೋಡುವುದಕ್ಕಾಗಿ ಸೈಕಲ್ ತುಳಿಯುವ ಪರಂಪರೆಯೊಂದು ಹೀಗೆ ಬೆಳೆಯಿತು. ಇಂದಿಗೂ ಅಲ್ಲಿನ ಗುಡ್ಡಗಾಡಿನ ಕಿರುರಸ್ತೆಗಳು ಶಾಂತವಾಗಿವೆ. ದೂರ ಹೋಗುವ ವಾಹನಗಳನ್ನು ಹೆದ್ದಾರಿಗಳು ಸೆಳೆದುಕೊಳ್ಳುತ್ತವೆ. ಊರಿನಿಂದ ಊರಿಗೆ ಹಬ್ಬಿದ ಸಣ್ಣ ರಸ್ತೆಗಳು ಊರಿನವರಿಗೂ ನಿಧಾನವಾಗಿ ಸಾಗುವವರಿಗೂ ಉಳಿಯುತ್ತವೆ.

ಹೊಸೂರಿನ ಸುತ್ತಲೂ ನಡೆದಿರುವುದು ಇದೇ. ಲಾರಿಗಳನ್ನೂ ಬಸ್ಸುಗಳನ್ನೂ ಹೆದ್ದಾರಿ ಹೊತ್ತುಕೊಂಡಿರುವುದರಿಂದ ತಳಿ, ಜವಳಗಿರಿ, ದೇಂಕಣಿಕೋಟೆ, ಕೆಲಮಂಗಲ, ಬೇರಿಗೆಗಳ ನಡುವಿನ ಹಲವು ದಾರಿಗಳು ಇನ್ನೂ ಮೌನವಾಗಿವೆ. ನೆಲದ ಏರಿಳಿತವೂ ಸವಾರರಿಗೆ ಅನುಕೂಲವಾಗಿದೆ. ಹಳೆಯ ಸೇಲಂ ಜಿಲ್ಲೆಯನ್ನು ಬಾಲಾಘಾಟ್, ಬಾರಾಮಹಲ್, ತಲಘಾಟ್ ಎಂದು ಮೂರು ಭಾಗಗಳಾಗಿ ಗುರುತಿಸುತ್ತಿದ್ದರು. ಎಂದರೆ ನೆಲವೇ ಮೂರು ಮೆಟ್ಟಿಲು. ಹೊಸೂರು ಮೇಲಿನ ಮೆಟ್ಟಿಲಿನಲ್ಲಿ, ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆಯಾಗಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ಅದಕ್ಕಿಂತ ಬಹಳ ಕೆಳಗಿನ ಬಾರಾಮಹಲಿನಲ್ಲಿದೆ. ಬಾರಾಮಹಲು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ಕೈತಪ್ಪಿ ಕಂಪನಿಯ ಪಾಲಾಯಿತು; ಹೊಸೂರಿನ ಮೇಲ್ನಾಡು 1799ರಲ್ಲಿ ಅದೇ ದಾರಿ ಹಿಡಿಯಿತು. ಇತಿಹಾಸ ಪುಸ್ತಕದಲ್ಲಿ ಎರಡು ಇಸವಿಗಳಾಗಿರುವ ಈ ಸಂಗತಿ ಸೈಕಲ್ ಸವಾರರಿಗೆ ಒಂದು ದೀರ್ಘ ಇಳಿಜಾರಾಗಿ, ಮರಳುವಾಗ ಏದುಸಿರಿನ ಏರಾಗಿ ಮೈಗೆ ತಿಳಿಯುತ್ತದೆ.

ಮೊದಲ ಪ್ರಯಾಣಕ್ಕೆ ಒಪ್ಪುವ ಸುತ್ತು ಹೊಸೂರು, ತಳಿ, ಜವಳಗಿರಿ, ದೇಂಕಣಿಕೋಟೆ, ಮತ್ತೆ ಹೊಸೂರು; ಒಟ್ಟು 70 ಕಿ.ಮೀ. ಆಸುಪಾಸು. ತಂಪು ಹವೆಯ ಕಾರಣಕ್ಕೆ ಬ್ರಿಟಿಷರು ತಳಿಯನ್ನು 'ಚಿಕ್ಕ ಇಂಗ್ಲೆಂಡ್' ಎಂದು ಕರೆದರೆಂಬ ಮಾತು ಪ್ರಸಿದ್ಧ. ದಾರಿಯುದ್ದಕ್ಕೂ ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಗುಲಾಬಿ ಬೆಳೆಯುವ ಪಾಲಿಹೌಸುಗಳು ಕಾಣುತ್ತವೆ. ಹೊಲದ ಬದುವಿನಲ್ಲಿ ನಿಂತವರು ಒಬ್ಬರೊಡನೆ ಕನ್ನಡದಲ್ಲಿ, ಇನ್ನೊಬ್ಬರೊಡನೆ ತೆಲುಗಿನಲ್ಲಿ, ಬಸ್ ಕಂಡಕ್ಟರನೊಡನೆ ತಮಿಳಿನಲ್ಲಿ ಮಾತಾಡುತ್ತಾರೆ. ಮೂರನ್ನೂ ಒಂದೇ ಉಸಿರಿನಲ್ಲಿ ಬಳಸುವುದು ಅವರಿಗೆ ಸಾಧನೆಯೂ ಅಲ್ಲ, ಸಮಸ್ಯೆಯೂ ಅಲ್ಲ. ದ್ವಿಭಾಷಿಕತೆಯ ಕುರಿತು ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಗೆ ಇಲ್ಲಿ ಜೀವ ಬರುತ್ತದೆ.

ಊರಹೆಸರುಗಳೂ ಹಾಗೆಯೇ. 'ಹೊಸೂರು' ಎಂಬುದು ಹೊಸ ಊರು. ಪಕಾರ ಹಕಾರವಾದ ನಂತರದ ಕನ್ನಡ ರೂಪ. ತಮಿಳು ಫಲಕದಲ್ಲಿ ಅದು 'ಓಸೂರ್' ಆಗುತ್ತದೆ. ಅಂದರೆ ತಮಿಳು ಕನ್ನಡದ ಹೆಸರನ್ನೇ ಪಡೆದು, ತನಗೆ ಒಗ್ಗದ ಹಕಾರವನ್ನು ಬಿಟ್ಟಿದೆ. ದೇಂಕಣಿಕೋಟೆಯ ದೇವರು ಬೇಟೆರಾಯಸ್ವಾಮಿ. ತಮಿಳಿನ 'ವೇಟ್ಟೈ' ಮತ್ತು ಕನ್ನಡದ 'ಬೇಟೆ' ಒಂದೇ ಮೂಲದ ಮಾತುಗಳು. ದೇವರ ಹೆಸರಿನಲ್ಲಿ ನಿಂತಿರುವುದು ಬಕಾರದ ರೂಪ. ಕಾವೇರಿಯ ನೀರಿನ ಲೆಕ್ಕವನ್ನು ಅಳೆಯುವ ಬಿಳಿಗುಂಡ್ಲು ಸುದ್ದಿಗಳಲ್ಲಿ ಕ್ಯೂಸೆಕ್ ಎಂಬ ಮಾತಿನೊಂದಿಗೇ ಕೇಳಿಬರುತ್ತದೆ. ಅದರೊಳಗೆ 'ಬಿಳಿ' ಎಂಬ ಕನ್ನಡದ ಬಣ್ಣ ಕುಳಿತಿರುವುದನ್ನು ಗಮನಿಸುವವರು ಕಡಿಮೆ. ಧ್ವನಿ ವ್ಯತ್ಯಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳನ್ನು ವ್ಯಾಕರಣ ಗ್ರಂಥಗಳೂ ಸುಲಭವಾಗಿ ಕೊಡಲಾರವು.

ಎರಡನೆಯ ದಾರಿ ಉತ್ತರಕ್ಕಿದೆ: ಹೊಸೂರಿನಿಂದ ಬಾಗಲೂರು, ಬೇರಿಗೆ, ಅಲ್ಲಿಂದ ಗಡಿ ದಾಟಿ ಮಾಲೂರು ತಾಲ್ಲೂಕಿನ ಮಾಸ್ತಿ. ತಮಿಳು ಮನೆಮಾತಿನ ಕುಟುಂಬದಲ್ಲಿ 1891ರಲ್ಲಿ ಹುಟ್ಟಿ, ಕನ್ನಡದ ಸಣ್ಣಕಥೆಗೆ ಬುನಾದಿ ಹಾಕಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನಲ್ಲಿರುವ ಊರು ಅದು. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಈ ಎರಡು ಊರುಗಳ ನಡುವೆ ಸೈಕಲ್ಲಿನಲ್ಲಿ ಒಂದೇ ದಿನದ ಹಾದಿ. ಗಡಿಯ ಗೆರೆಯನ್ನು ಗೋಡೆಯೆಂದು ಭಾವಿಸುವವರು ಆ ಹಾದಿಯನ್ನು ಒಮ್ಮೆ ತುಳಿಯುವುದು ಒಳ್ಳೆಯದು.

'ಮಾಸ್ತಿ' ಎಂಬ ಮಾತಿನಲ್ಲಿ ಮಹಾಸತಿ ಇದ್ದಾಳೆ. ಮಾಸ್ತಿಗಲ್ಲು, ವೀರಗಲ್ಲುಗಳು ಗಡಿಯ ಎರಡೂ ಬದಿಗಿವೆ. ಬಿ.ಎಲ್. ರೈಸರ 'ಎಪಿಗ್ರಾಫಿಯಾ ಕರ್ನಾಟಿಕ'ದ ಕೋಲಾರ ಸಂಪುಟ 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ತಮಿಳು ಶಾಸನಗಳೂ ಹೇರಳವಾಗಿವೆ. ಆದರೆ ಹೊಸೂರು ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಮೈಸೂರಿನ ಆ ಮಹಾಯೋಜನೆಯ ವ್ಯಾಪ್ತಿಗೆ ಸೇರಲಿಲ್ಲ. ಗ್ರಂಥ ಗಡಿಯಲ್ಲಿ ನಿಂತಿತು, ಕಲ್ಲುಗಳು ನಿಲ್ಲಲಿಲ್ಲ. ಹೀಗೆ ನಿಂತುಹೋದ ನೋಟವನ್ನು ಮುಂದಕ್ಕೆ ಒಯ್ಯುವ ಕೆಲಸ ಕನ್ನಡ ವಿಭಾಗಗಳದ್ದೇ ಆಗಬೇಕು.

ಇದು ತುರ್ತಿನ ಕೆಲಸವೂ ಹೌದು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಹೊಸೂರು ತಮಿಳುನಾಡಿನಲ್ಲಿಯೇ ಉಳಿಯಿತು. 2006ರ ತಮಿಳು ಕಲಿಕೆ ಕಾಯ್ದೆಯು ಒಂದನೆಯ ತರಗತಿಯಿಂದ ಹಂತಹಂತವಾಗಿ ಮೇಲೇರಿ 2015–16ರಲ್ಲಿ ಹತ್ತನೆಯ ತರಗತಿಯನ್ನು ತಲುಪಿದಾಗ, ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ರಾಜ್ಯದ ಭಾಷೆಯನ್ನು ಕಲಿಯುವುದು ತಪ್ಪಲ್ಲ, ಅವಶ್ಯವೇ. ಆದರೆ ಮನೆಮಾತು ಶಾಲೆಯ ಹೊಸ್ತಿಲಿನ ಹೊರಗೆ ಉಳಿದರೆ ಅದು ಅಡುಗೆಮನೆಗೂ ಜಗುಲಿಗೂ ಸೀಮಿತವಾಗುತ್ತದೆ. ಎರಡು ತಲೆಮಾರುಗಳಲ್ಲಿ ಅಲ್ಲಿಂದಲೂ ಸರಿಯಬಹುದು. ಇತ್ತ ದಾರಿಗಳೂ ಬದಲಾಗುತ್ತಿವೆ. ಹೊಸೂರು–ರಾಯಕೋಟೆ–ಧರ್ಮಪುರಿ ರಸ್ತೆ ಚತುಷ್ಪಥವಾಗುತ್ತಿದೆ. ಬೆಂಗಳೂರಿನ ಹೊರವಲಯದ ವರ್ತುಲ ರಸ್ತೆ ಈ ಕಡೆಗೂ ಚಾಚಿಕೊಂಡಿದೆ. ಹೊಸೂರಿನಲ್ಲಿ 2,000 ಎಕರೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ನಿರ್ಮಿಸುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಘೋಷಿಸಿದೆ. ಬಡಾವಣೆಗಳು ಎದ್ದಾಗ ಹಳೆಯ ಊರಹೆಸರುಗಳ ಸ್ಥಾನದಲ್ಲಿ ಇಂಗ್ಲಿಷ್ ಹೆಸರಿನ ಕಮಾನುಗಳು ನಿಲ್ಲುತ್ತವೆ. ಅವು ತಮಿಳನ್ನೂ ಉಳಿಸುವುದಿಲ್ಲ, ಕನ್ನಡವನ್ನೂ ಉಳಿಸುವುದಿಲ್ಲ.

ಸೈಕಲ್ ಪ್ರವಾಸ ನಗರದ ಉಳ್ಳವರ ಹವ್ಯಾಸವಲ್ಲವೇ ಎಂಬ ಆಕ್ಷೇಪವೊಂದು ಸಹಜವಾಗಿ ಏಳುತ್ತದೆ. ಲಕ್ಷ ರೂಪಾಯಿಯ ಸೈಕಲ್ಲುಗಳು ಭಾನುವಾರ ಬೆಳಗ್ಗೆ ಹೆದ್ದಾರಿಯಲ್ಲಿ ಹಾರುವುದು ನಿಜ. ಆದರೆ ತಮಿಳುನಾಡು ತನ್ನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತ ಬಂದಿದೆ. ಕರ್ನಾಟಕವೂ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಅಂತಹ ಯೋಜನೆಯನ್ನು ಆರಂಭಿಸಿತು. ಈ ಸೀಮೆಯಲ್ಲಿ ಸೈಕಲ್ ಮೊದಲಿನಿಂದಲೂ ಬಡವರ ವಾಹನ. ಅದನ್ನು ಮೂಲೆಗೆ ತಳ್ಳಿದ್ದು ಬಡತನವಲ್ಲ, ಮೋಟಾರು. 1980ರಲ್ಲಿ ಟಿವಿಎಸ್ 50 ಮೊಪೆಡ್ಡನ್ನು ಹೊರತಂದ ಕಾರ್ಖಾನೆ ಇದೇ ಹೊಸೂರಿನದು. ಗೇರಿಲ್ಲದ ಶಾಲಾ ಸೈಕಲ್ಲಿನಲ್ಲಿ ತಳಿಯ ಏರು ಕಷ್ಟವೇ ಸರಿ; ಏರು ಬಂದಾಗ ಇಳಿದು ತಳ್ಳಿಕೊಂಡು ನಡೆದರೆ ಯಾರ ಮಾನವೂ ಹೋಗುವುದಿಲ್ಲ.

ಹೆಣ್ಣುಮಕ್ಕಳ ಸುರಕ್ಷತೆ ಎರಡನೆಯ ಆಕ್ಷೇಪ. ಅದನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ತಮಿಳುನಾಡಿನದೇ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ 'ಅರಿವೊಳಿ' ಸಾಕ್ಷರತಾ ಚಳವಳಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಸಾವಿರಾರು ಹಳ್ಳಿಯ ಹೆಂಗಸರು ಹಾಸ್ಯ, ಟೀಕೆಗಳನ್ನು ಲೆಕ್ಕಿಸದೆ ಕಲಿತರು. ಒಬ್ಬಳು ಹೋದರೆ ಊರು ತಿರುಗಿ ನೋಡುತ್ತದೆ. ಹದಿನೈದು ಮಂದಿ ಅಧ್ಯಾಪಕರೊಡನೆ ಹೋದರೆ ಊರು ನೀರು ಕೊಟ್ಟು ಮಾತಾಡಿಸುತ್ತದೆ.

ಮೂರನೆಯದು ಆನೆ. ಇದು ಆಕ್ಷೇಪವಲ್ಲ, ಪಾಲಿಸಲೇಬೇಕಾದ ನಿಯಮ. ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ರಾಗಿಯ ಕೊಯ್ಲಿನ ಕಾಲದಲ್ಲಿ ಜವಳಗಿರಿ, ದೇಂಕಣಿಕೋಟೆಗಳ ಕಾಡಿಗೆ ಬರುತ್ತವೆ. 2014ರಲ್ಲಿ ಘೋಷಿತವಾದ ಕಾವೇರಿ ಉತ್ತರ ವನ್ಯಧಾಮ ಇಲ್ಲಿಯೇ ಇದೆ. ಕಾಡಂಚಿನ ದಾರಿಗಳನ್ನು ಹಗಲಿನಲ್ಲಿ, ಊರಿನವರನ್ನೂ ಅರಣ್ಯ ಸಿಬ್ಬಂದಿಯನ್ನೂ ವಿಚಾರಿಸಿಯೇ ಕ್ರಮಿಸಬೇಕು. ಅಂಚೆಟ್ಟಿಯಿಂದಾಚೆಗಿನ ಕಾಡುದಾರಿ ವಿದ್ಯಾರ್ಥಿಗಳ ಗುಂಪಿಗೆ ತಕ್ಕದ್ದಲ್ಲ.

ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ ಹಂಪಿ, ಬೇಲೂರುಗಳಿಗೆ ಪ್ರವಾಸ ಹೋಗುವುದು ವಾಡಿಕೆ. ಅದು ಮುಂದುವರಿಯಲಿ. ಅದರೊಂದಿಗೆ ಎರಡು ದಿನಗಳ ಸೈಕಲ್ ಯಾತ್ರೆಯೊಂದನ್ನೂ ಕ್ಷೇತ್ರಕಾರ್ಯವೆಂದು ಸೇರಿಸಿದರೆ ಖರ್ಚು ಬಸ್ಸಿನ ಬಾಡಿಗೆಗಿಂತ ಹೆಚ್ಚಾಗದು. ಪ್ರತಿಯೊಬ್ಬರ ಚೀಲದಲ್ಲೂ ಒಂದು ನೋಟುಪುಸ್ತಕವಿರಲಿ. ಅದರಲ್ಲಿ ಮೂರೇ ಭಾಗಗಳಿರಲಿ. ಊರವರು ಉಚ್ಚರಿಸುವಂತೆಯೇ ಬರೆದುಕೊಂಡ ಊರ, ಕೆರೆಯ, ಹೊಲದ ಹೆಸರುಗಳು. ದಾರಿಬದಿಯ ಕಲ್ಲುಗಳು ಇರುವ ಜಾಗ ಮತ್ತು ಅವುಗಳ ಸ್ಥಿತಿ. ಪಠ್ಯದ ಕನ್ನಡದಲ್ಲಿ ಸಿಗದ ಮಾತುಗಳು. ತಿದ್ದುವುದಕ್ಕೂ ಅಭಿಮಾನವನ್ನು ಬೋಧಿಸುವುದಕ್ಕೂ ಯಾರೂ ಹೋಗಬಾರದು. ಅಲ್ಲಿನವರ ಕನ್ನಡ ಕೆಟ್ಟ ಕನ್ನಡವಲ್ಲ. ಮೂರು ಭಾಷೆಗಳ ನಡುವೆ ಯಾರ ನೆರವೂ ಇಲ್ಲದೆ ಬದುಕಿ ಬಂದ ಕನ್ನಡ. ಅದನ್ನು ಕೇಳಿಸಿಕೊಳ್ಳುವ ಕಿವಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇರಬೇಕು. ಕೇಳಿಸಿಕೊಳ್ಳಲು ತಕ್ಕ ನಿಧಾನವನ್ನು ಸೈಕಲ್ ಕೊಡುತ್ತದೆ. ಕೇಳದೆ ಹೋದರೆ ಹತ್ತು ವರ್ಷಗಳ ಬಳಿಕ ದಾರಿ ಅಗಲವಾಗಿರುತ್ತದೆ, ಪ್ರಯಾಣ ಸುಗಮವಾಗಿರುತ್ತದೆ. ನಿಂತು ಕೇಳಿದರೆ ಕನ್ನಡದಲ್ಲಿ ಉತ್ತರಿಸುವವರು ಇರುತ್ತಾರೆಂಬ ಭರವಸೆ ಮಾತ್ರ ಇರುವುದಿಲ್ಲ.