ಅಗ್ಗದ ಮಾತ್ರೆ ಅಂತ ಮರೆತುಬಿಟ್ರಾ?

1/6
"ಆಂಟಿ-ಇನ್‌ಫ್ಲಮೇಟರಿ" ಅನ್ನೋ ಪದ ಈಗ ನಮ್ಮ ಫೀಡಲ್ಲಿ ಉಪ್ಪಿನಕಾಯಿ ಥರ, ಎಲ್ಲದರ ಪಕ್ಕದಲ್ಲೂ ಇರುತ್ತೆ. ಅರಿಶಿನ ಹಾಲು, ಶುಂಠಿ ಶಾಟ್, ಏನೇನೋ. ಆದ್ರೆ ಉರಿಯೂತವೇ ಮಕ್ಕಳ ಶ್ವಾಸಕೋಶವನ್ನ ತಿಂದುಹಾಕೋ ಕಾಯಿಲೆ ಒಂದಿದೆ, ಸಿಸ್ಟಿಕ್ ಫೈಬ್ರೋಸಿಸ್. ಅದರ ಬಗ್ಗೆ ನಾವು ಓದಿದ್ದು ಇಷ್ಟೇ: ರಿಸೆಸಿವ್ ಜೀನ್, 7ನೇ ಕ್ರೋಮೋಸೋಮ್, ಅಂಟು ಕಫ. ಒಂದು ಮಾರ್ಕು, ಮುಗೀತು.

2/6
ಆ "ಅಂಟು ಕಫ" ಅರ್ಧ ಕಥೆ ಮಾತ್ರ. ಸಿಎಫ್‌ಟಿಆರ್ ಜೀನ್ ಕೆಟ್ಟಾಗ ಶ್ವಾಸನಾಳದ ಒಳಗಿನ ನೀರಿನ ಪದರ ಒಣಗುತ್ತೆ, ಬ್ಯಾಕ್ಟೀರಿಯಾ ಮನೆ ಮಾಡುತ್ತೆ. ಅದನ್ನ ಕೊಲ್ಲೋಕೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಸೈನ್ಯದ ಥರ ನುಗ್ಗುತ್ತವೆ. ನುಗ್ಗಿದ್ದು ವಾಪಸ್ ಹೋಗಲ್ಲ, ಅಲ್ಲೇ ಸಾಯ್ತವೆ. ಸತ್ತ ಕಣಗಳ ಡಿಎನ್‌ಎ ಸುರಿದು ಕಫ ಇನ್ನೂ ಗಟ್ಟಿಯಾಗುತ್ತೆ. ಅವು ಬಿಟ್ಟ ಎಲಾಸ್ಟೇಸ್ ಎಂಬ ಕಿಣ್ವ ಶ್ವಾಸನಾಳದ ಗೋಡೆಯನ್ನೇ ಕತ್ತರಿಸುತ್ತೆ. ಆಸ್ಟ್ರೇಲಿಯಾದ ಸಂಶೋಧಕರು ಮೂರು ತಿಂಗಳ ಶಿಶುಗಳ ಶ್ವಾಸಕೋಶದಲ್ಲೇ ಈ ಕಿಣ್ವ ಕಂಡಿದ್ದಾರೆ. ಅದು ಸಿಕ್ಕ ಮಕ್ಕಳಲ್ಲೇ ಮುಂದೆ ಶ್ವಾಸನಾಳ ಹಿಗ್ಗಿ ಹಾಳಾಗೋದು ಜಾಸ್ತಿ. ಅಂದ್ರೆ ಕಳ್ಳನನ್ನ ಹಿಡಿಯೋಕೆ ಬಂದ ಪೊಲೀಸರೇ ಮನೆ ಕೆಡವ್ತಿದ್ದಾರೆ.

3/6
ಈಗ ನನ್ನ ಸಿಟ್ಟಿನ ವಿಷಯ. 1995ರಲ್ಲೇ ಅಮೆರಿಕದಲ್ಲಿ 85 ರೋಗಿಗಳಿಗೆ ನಾಲ್ಕು ವರ್ಷ ಒಂದು ಮಾತ್ರೆ ಕೊಟ್ಟು ನೋಡಿದ್ರು, ಅರ್ಧ ಜನಕ್ಕೆ ಡಮ್ಮಿ. ಮಾತ್ರೆ ತಗೊಂಡವರ ಉಸಿರಿನ ಸಾಮರ್ಥ್ಯ ಇಳಿಯೋ ವೇಗ ತಗ್ಗಿತು. ಹೆಚ್ಚು ಲಾಭ 13ಕ್ಕಿಂತ ಚಿಕ್ಕವರಿಗೆ. ಮಾತ್ರೆ ಯಾವುದು ಗೊತ್ತಾ? ಐಬುಪ್ರೊಫೇನ್. ಹೌದು, ತಲೆನೋವಿಗೆ ನುಂಗ್ತೀವಲ್ಲ, ಅದೇ. 2007ರಲ್ಲಿ ಕೆನಡಾದಲ್ಲಿ 142 ಮಕ್ಕಳ ಮೇಲೆ ಮತ್ತೆ ನೋಡಿದಾಗ ಲಾಭ ಅಷ್ಟು ದೊಡ್ಡದಿರಲಿಲ್ಲ, ಮುಚ್ಚಿಡಲ್ಲ. ಆದ್ರೆ ಇತ್ತು. ಅಮೆರಿಕದ ಮಾರ್ಗಸೂಚಿಯೂ ಆರು ವರ್ಷ ದಾಟಿದ ಮಕ್ಕಳಿಗೆ ಇದನ್ನ ಶಿಫಾರಸು ಮಾಡಿತು. ಆದರೂ ಬರೆಯೋ ಡಾಕ್ಟರು ಕಮ್ಮಿ. ಪೇಟೆಂಟ್ ಮುಗಿದ ಮಾತ್ರೆಗೆ ಯಾರು ಕಾನ್ಫರೆನ್ಸ್ ಮಾಡ್ತಾರೆ ಹೇಳಿ!

4/6
"ತೊಂದರೆ ಇದೆ" ಅಂತಾರೆ. ಇದೆ. ಡೋಸ್ ತುಂಬಾ ದೊಡ್ಡದು, ಪ್ರತಿ ಮಗುವಿಗೂ ರಕ್ತದಲ್ಲಿ ಔಷಧದ ಮಟ್ಟ ಅಳೆದು ನಿಗದಿ ಮಾಡಬೇಕು. ಕಮ್ಮಿ ಆದ್ರೆ ನ್ಯೂಟ್ರೋಫಿಲ್ ಇನ್ನೂ ಹೆಚ್ಚಬಹುದು. ಹೊಟ್ಟೆಯಲ್ಲಿ ರಕ್ತಸ್ರಾವದ ಭಯ, ಕೆಲವು ಆಂಟಿಬಯಾಟಿಕ್ ಜೊತೆ ಕಿಡ್ನಿಗೆ ಏಟು. (ಆದ್ದರಿಂದ ಯಾರೂ ಮನೇಲಿ ಟ್ರೈ ಮಾಡಬೇಡಿ, ದಯವಿಟ್ಟು.) ಆದ್ರೆ ಮೂರು ಸಲ ಸೂಜಿ ಚುಚ್ಚೋದು ಕಷ್ಟ ಅನ್ನೋದು, ಮಗುವಿನ ಶ್ವಾಸಕೋಶ ಹೋಗಲಿ ಅನ್ನೋದಕ್ಕೆ ಕಾರಣ ಆಗುತ್ತಾ?

5/6
ಇನ್ನೊಂದು ವಾದ: "ಉರಿಯೂತ ತಗ್ಗಿಸಿದ್ರೆ ಸೋಂಕು ಮೆರೆಯುತ್ತೆ." ಇದು ಪೂರ್ತಿ ಸುಳ್ಳಲ್ಲ. ಬಿಐಐಎಲ್ 284 ಅನ್ನೋ ಔಷಧದ ಪ್ರಯೋಗವನ್ನ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು, ತಗೊಂಡವರಲ್ಲಿ ಕಾಯಿಲೆ ಉಲ್ಬಣ ಆಯ್ತು. ದಿನ ಬಿಟ್ಟು ದಿನ ಸ್ಟೀರಾಯ್ಡ್ ಕೊಟ್ಟಾಗ ಶ್ವಾಸಕೋಶಕ್ಕೆ ಒಳ್ಳೇದಾಯ್ತು, ಆದ್ರೆ ಹುಡುಗರ ಎತ್ತರವೇ ಕುಂಠಿತ ಆಯ್ತು, ದೊಡ್ಡವರಾದ ಮೇಲೂ ಸರಿಹೋಗಲಿಲ್ಲ. ನನಗೆ ಇದರಿಂದ ಕಾಣೋದು ಬೇರೆ: ಬೆಂಕಿ ಆರಿಸೋಕೆ ಮನೆಯನ್ನೇ ಮುಳುಗಿಸಬಾರದು ಅಂತ. ಬೆಂಕಿ ಉರೀಲಿ ಬಿಡಿ ಅಂತ ಅಲ್ಲ.

6/6
"ಅಯ್ಯೋ, ಟ್ರಿಕಾಫ್ಟಾ ಬಂದಿದೆಯಲ್ಲ" ಅಂತ ಒಬ್ಬ ಫ್ರೆಂಡ್ ಅಂದ. 2019ರಲ್ಲಿ ಅಮೆರಿಕದಲ್ಲಿ ಬಂತು, ಕೆಟ್ಟ ಪ್ರೋಟೀನನ್ನೇ ಸರಿಮಾಡುತ್ತೆ, ಅದ್ಭುತ, ಒಪ್ಪಿದೆ. ಅಲ್ಲಿನ ಬೆಲೆ ಆಗ ವರ್ಷಕ್ಕೆ 3 ಲಕ್ಷ 11 ಸಾವಿರ ಡಾಲರ್. ಅದನ್ನ ತಗೊಂಡವರಲ್ಲೂ ಈಗಾಗಲೇ ಹಾಳಾದ ಶ್ವಾಸಕೋಶದ ಉರಿಯೂತ ಇಳಿಯುತ್ತೆ, ಪೂರ್ತಿ ಆರಲ್ಲ. ಮತ್ತೆ ಅದು ಮುಖ್ಯವಾಗಿ ಕೆಲಸ ಮಾಡೋ ಎಫ್508ಡೆಲ್ ಮ್ಯುಟೇಶನ್ ಭಾರತದ ಮಕ್ಕಳಲ್ಲಿ ಯುರೋಪಿಗಿಂತ ಕಮ್ಮಿ. ನಮ್ಮಲ್ಲಂತೂ ಎಷ್ಟೋ ಮಕ್ಕಳಿಗೆ ಬೆವರಿನ ಉಪ್ಪು ಪರೀಕ್ಷೆಯೇ ಆಗಲ್ಲ, ಟಿಬಿ ಅಂತಲೋ ಅಸ್ತಮಾ ಅಂತಲೋ ವರ್ಷಗಟ್ಟಲೆ ಮದ್ದು ನಡೆಯುತ್ತೆ. "ಇದು ಬಿಳಿಯರ ಕಾಯಿಲೆ" ಅಂತ ಪುಸ್ತಕ ಹೇಳಿಕೊಟ್ಟಿದ್ದನ್ನ ನಾವೂ ಬರೆದು ಮಾರ್ಕ್ಸ್ ತಗೊಂಡ್ವಿ. ಆ ಮಗುವಿಗೆ ಕೋಟಿಗಟ್ಟಲೆ ಮಾತ್ರೆ ಬರೋವರೆಗೂ ಕಾಯಿ ಅಂತ ಹೇಳೋಕೆ ನಿಮಗೆ ಬಾಯಿ ಬರುತ್ತಾ? ನನಗೆ ಬರಲ್ಲ. ಫಾರ್ಮಸಿ, ಎಂಬಿಬಿಎಸ್ ಓದ್ತಿರೋರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಅರಿಶಿನ ಹಾಲಿನವರು ಬೇಡ.