ಊರಲ್ಲಿ ಮನೆ: ಸ್ಕ್ವೇರ್ ಫೀಟಿನ ಲೆಕ್ಕ ಯಾಕೆ ಸಾಲದು?

ರಿಟೈರ್ ಆಗಲು ನಾಲ್ಕೈದು ವರ್ಷ ಉಳಿದಿರುವ ನಮ್ಮವರು ಕೋಲ್ಕತ್ತಾದಲ್ಲಿ ಎಲ್ಲೇ ಸೇರಲಿ, ಮಾತು ಹೊರಳುವುದು ಒಂದೇ ಕಡೆಗೆ. "ಊರಲ್ಲಿ ಒಂದು ಸಣ್ಣ ಮನೆ ಕಟ್ಟಿಸ್ಬೇಕು ಮಾರಾಯ್ರೆ, ಸ್ಕ್ವೇರ್ ಫೀಟಿಗೆ ಎಷ್ಟು ನಡೀತಾ ಉಂಟು?" ಮೈಸೂರು ಕಡೆಯವರಾದರೆ ಚದರಕ್ಕೆ ಎಷ್ಟು ಎಂದು ಕೇಳುತ್ತಾರೆ, ಅಂದರೆ ನೂರು ಚದರಡಿಗೆ. ಎರಡೂ ಒಂದೇ. ಬ್ಯಾಂಕಿನಲ್ಲಿ ಗೃಹಸಾಲದ ಕಾಗದ ನೋಡುತ್ತಾ ಕೂದಲು ಬೆಳ್ಳಗಾದವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ನಿವೃತ್ತಿಯ ಮನೆಗೆ ಈ ಪ್ರಶ್ನೆಯಿಂದ ಶುರು ಮಾಡಲೇಬಾರದು.

ಆ ದರದೊಳಗೆ ಏನೇನು ಬರುವುದಿಲ್ಲ ನೋಡಿ. ಬಾವಿ ಇಲ್ಲ, ಕಂಪೌಂಡ್ ಇಲ್ಲ, ಗೇಟ್ ಇಲ್ಲ, ಶೌಚದ ಗುಂಡಿ ಇಲ್ಲ, ಕರೆಂಟಿನ ಕಂಬದಿಂದ ಮನೆವರೆಗಿನ ವಯರ್ ಇಲ್ಲ, ಅಡುಗೆಮನೆಯ ಕಪಾಟು ಇಲ್ಲ, ಇಂಜಿನಿಯರ್ ಫೀಸ್ ಇಲ್ಲ. ಕರಾವಳಿಯಲ್ಲಿ ಇನ್ನೂ ಒಂದಿದೆ. ಆರ್‌ಸಿಸಿ ಸ್ಲ್ಯಾಬ್ ಹಾಕಿ, ನಾಲ್ಕು ಮಳೆಗಾಲ ಕಳೆದ ಮೇಲೆ ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕಿಸುವುದು. ಕುಂದಾಪುರದಿಂದ ಮಂಗಳೂರಿನವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಹೋಗಿ, ಎಷ್ಟು ತಾರಸಿಗಳ ಮೇಲೆ ಎರಡನೇ ಮಾಡು ಇದೆ ಎಂದು. ಒಂದೇ ಮನೆಗೆ ಎರಡು ಮಾಡಿನ ಖರ್ಚು! 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಜಿಲ್ಲೆಯವರು ನಾವು. ನನಗಂತೂ ಇಳಿಜಾರು ಹಂಚಿನ ಮಾಡೇ ಸೈ. ಇಲ್ಲದಿದ್ದರೆ ಎರಡನೇ ಮಾಡನ್ನೂ ಮೊದಲ ದಿನವೇ ಎಸ್ಟಿಮೇಟಿಗೆ ಸೇರಿಸಿ.

ಲೆಕ್ಕಕ್ಕೆಂದು 1,100 ಚದರಡಿ, ದರ 2,200 ರೂಪಾಯಿ ಎಂದಿಟ್ಟುಕೊಳ್ಳೋಣ. (ನಿಮ್ಮೂರಿನ ದರ ನಿಮ್ಮ ಮೇಸ್ತ್ರಿಯನ್ನು ಕೇಳಿ.) 24 ಲಕ್ಷ 20 ಸಾವಿರ ಆಯಿತು. ಮೇಲೆ ಹೇಳಿದ ಬಾವಿ, ಕಂಪೌಂಡ್ ಇತ್ಯಾದಿಗೆ ನಾನು ಕಾಲು ಪಾಲು ಸೇರಿಸುತ್ತೇನೆ, 30 ಲಕ್ಷ 25 ಸಾವಿರ. ಬೆಲೆ ಏರಿಕೆಗೆ ಶೇ. 10, ಅಲ್ಲಿಗೆ 33 ಲಕ್ಷ ದಾಟಿತು. ಗಂಡ ಹೆಂಡತಿ ಖಿದಿರ್‌ಪುರದಿಂದ ಹತ್ತು ಸಲ ಹೋಗಿ ಬರಲು, ಸಲಕ್ಕೆ 25 ಸಾವಿರದಂತೆ ಎರಡೂವರೆ ಲಕ್ಷ. ಒಟ್ಟು 36 ಲಕ್ಷಕ್ಕೆ ಹತ್ತಿರ. ಜಾಗದ ಕ್ರಯ ಇದರಲ್ಲಿ ಇಲ್ಲ. ಹತ್ತು ಸಲ ಜಾಸ್ತಿಯಾಯಿತು ಎನ್ನುವವರಿಗೆ ಒಂದು ಮಾತು: ಪಂಚಾಂಗ, ಲಿಂಟಲ್, ಸ್ಲ್ಯಾಬ್, ವಯರಿಂಗ್, ಸಾರಣೆ, ಈ ಒಂದೊಂದು ಹಂತದಲ್ಲೂ ಮನೆಯವರೊಬ್ಬರು ಎದುರಿಗೆ ಇರಬೇಕು. ವಾಟ್ಸಾಪಿನ ಫೋಟೋದಲ್ಲಿ ಸಿಮೆಂಟಿನ ಪ್ರಮಾಣ ಕಾಣಿಸುವುದಿಲ್ಲ.

ಗುತ್ತಿಗೆಯನ್ನು ಪರೀಕ್ಷಿಸಲು ಹಳಬರ ಒಂದು ಅಂದಾಜು ಇದೆ: ಚದರಡಿಗೆ ಸುಮಾರು 0.4 ಚೀಲ ಸಿಮೆಂಟು, ನಾಲ್ಕು ಕಿಲೋ ಕಬ್ಬಿಣ. ಅಂದರೆ ನಮ್ಮ ಮನೆಗೆ 440 ಚೀಲ, ನಾಲ್ಕೂವರೆ ಟನ್ನಿನೊಳಗೆ ಕಬ್ಬಿಣ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಆದರೆ ಇನ್ನೂ ಕಡಿಮೆ. ತೆರಿಗೆಯ ಕಡೆಗೂ ಗಮನ ಬೇಕು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮೊದಲು ಬರೆದ ಎಸ್ಟಿಮೇಟ್ ಕೈಯಲ್ಲಿದ್ದರೆ ಮತ್ತೆ ಕೂತು ಮಾತಾಡಿ. ಸ್ವಂತಕ್ಕೆ ಒಂಟಿ ಮನೆ ಕಟ್ಟಿಸುವಾಗ ಬರೀ ಲೇಬರ್ ಕಂಟ್ರಾಕ್ಟ್ ಕೊಟ್ಟರೆ ಕೂಲಿಗೆ ಜಿಎಸ್‌ಟಿ ಇಲ್ಲ. ಸಾಮಾನು ಸಮೇತ ಕೊಟ್ಟರೆ, ಕಂಟ್ರಾಕ್ಟರ್ ನೋಂದಣಿ ಆದವನಾಗಿದ್ದರೆ, ಇಡೀ ಬಿಲ್ಲಿಗೆ ಶೇ. 18. ಆದರೆ ದೂರದಲ್ಲಿ ಕೂತು ಲೇಬರ್ ಕಂಟ್ರಾಕ್ಟ್ ನಡೆಸುವುದು ಸುಲಭವಲ್ಲ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಹೊಯ್ಗೆ ಸಿಗದೆ ಕೆಲಸ ನಿಂತು ಪ್ರತಿಭಟನೆಗಳೇ ಆದವು. ಆಗ ಲೋಡಿಗಾಗಿ ಓಡಾಡುವವರು ಯಾರು? ನಿಮ್ಮ ಭಾವನೋ, ತಮ್ಮನೋ ಅಲ್ಲವೇ? ಅವರ ಋಣಕ್ಕೆ ಎಸ್ಟಿಮೇಟಿನಲ್ಲಿ ಕಾಲಂ ಇಲ್ಲ.

ಉಳಿಸಬಾರದ ಒಂದು ಖರ್ಚು ಸ್ಟ್ರಕ್ಚರಲ್ ಇಂಜಿನಿಯರದ್ದು. ನಮ್ಮ ಪಕ್ಕದ ಗಾರ್ಡನ್ ರೀಚ್‌ನಲ್ಲಿ 2024ರ ಮಾರ್ಚ್ 17ರ ನಡುರಾತ್ರಿ, ಅನುಮತಿಯಿಲ್ಲದೆ ಕಟ್ಟುತ್ತಿದ್ದ ಐದು ಮಹಡಿಯ ಕಟ್ಟಡ ಪಕ್ಕದ ಗುಡಿಸಲುಗಳ ಮೇಲೆ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಊರಿನ ಒಂದಂತಸ್ತಿನ ಮನೆಗೆ ಅಂಥ ಗಂಡಾಂತರ ಇಲ್ಲ, ಒಪ್ಪಿದೆ. ಆದರೂ ಗದ್ದೆಗೆ ಮಣ್ಣು ತುಂಬಿಸಿದ ಜಾಗ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಪಂಚಾಂಗಕ್ಕೆ ಎಷ್ಟು ಆಳ ಬೇಕೆಂದು ಕೇಳಿ. ಹಾಗೆಯೇ ಕನ್ವರ್ಶನ್ ಆಗಿದೆಯೇ, ಪಂಚಾಯತಿನ ನೈನ್-ಇಲೆವೆನ್ ಆಗಿದೆಯೇ ಎಂದೂ ನೋಡಿ. (ನಮೂನೆ 9 ಮತ್ತು 11. ಹೊರಗಿನವರಿಗೆ ಈ ಹೆಸರು ಕೇಳಿದರೆ ಗಾಬರಿಯಾಗುತ್ತದೆ.) ಇವಿಲ್ಲದಿದ್ದರೆ ಬ್ಯಾಂಕ್ ಸಾಲ ಮರೆತುಬಿಡಿ.

ಸಾಲ ಅಂದ ಮೇಲೆ ಇದನ್ನೂ ಹೇಳಬೇಕು. ಬ್ಯಾಂಕಿಗೆ ಬರುವ ಎಸ್ಟಿಮೇಟ್ ಬಹಳ ಸಲ ಮನೆಗಾಗಿ ಬರೆದದ್ದಲ್ಲ, ಬೇಕಾದ ಸಾಲಕ್ಕೆ ಹೊಂದುವಂತೆ ಹಿಂದಿನಿಂದ ಬರೆದದ್ದು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ. 90ರವರೆಗೆ ಸಿಗಬಹುದು, ಅಲ್ಲಿಂದ 75 ಲಕ್ಷದವರೆಗೆ ಶೇ. 80. ಸಿಗುತ್ತದೆ ಅಂತ 57ನೇ ವಯಸ್ಸಿನಲ್ಲಿ ತೆಗೆದುಕೊಳ್ಳಬೇಕೆಂದೇನೂ ಇಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಪಿಎಫ್, ಗ್ರಾಚ್ಯುಟಿ, ರಜೆಯ ಹಣ, ಕಮ್ಯುಟೇಶನ್ ಎಲ್ಲ ಒಟ್ಟಿಗೆ ಕೈಗೆ ಬಂದಾಗ ಜೀವಮಾನದಲ್ಲಿ ನೋಡದಷ್ಟು ದುಡ್ಡು ಕಾಣುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಗೋಡೆಗೆ ಹಾಕಬಾರದು. ಬ್ಯಾಂಕಿನ ಹಳೆ ಪೆನ್ಶನ್ ಇರುವವರು ಮೂರನೇ ಒಂದು ಭಾಗ ಕಮ್ಯೂಟ್ ಮಾಡಿದರೆ ಅದು ಮತ್ತೆ ಸೇರುವುದು 15 ವರ್ಷದ ನಂತರ. ಅರವತ್ತಕ್ಕೆ ರಿಟೈರ್ ಆದವರಿಗೆ ಆಗ ಎಪ್ಪತ್ತೈದು. ನಡುವೆ ಮೊಣಕಾಲಿನ ಆಪರೇಶನ್ ಬಂದರೆ ಮನೆಯ ಒಂದು ಕೋಣೆ ಮಾತ್ರ ಮಾರಲು ಆಗುವುದಿಲ್ಲವಲ್ಲ? 2007ರಲ್ಲಿ ಬಂದ ರಿವರ್ಸ್ ಮಾರ್ಟ್‌ಗೇಜ್ ನಗರದಲ್ಲೇ ಸರಿಯಾಗಿ ಓಡಲಿಲ್ಲ, ಹಳ್ಳಿಮನೆಗೆ ಅದನ್ನು ನೆಚ್ಚಿ ಕೂರುವಂತಿಲ್ಲ.

ಅರ್ಧದಲ್ಲಿ ಆಗದಿದ್ದರೆ ಮನೆ ಚಿಕ್ಕದು ಮಾಡಿ. ಮಕ್ಕಳು ಬಂದರೆ ಇರಲಿ ಎಂದು ಮಹಡಿ ಮೇಲೆ ಎರಡು ಕೋಣೆ ಏರಿಸುತ್ತಾರೆ. ಪುಣೆಯಲ್ಲೋ ಡಾಲಸ್‌ನಲ್ಲೋ ಇರುವ ಮಕ್ಕಳು ವರ್ಷಕ್ಕೆ ಹತ್ತು ದಿನ ಬಂದರೆ ಪುಣ್ಯ. ಉಳಿದ ದಿನ ಆ ಕೋಣೆಗಳ ಧೂಳು ಹೊಡೆಯುವುದು ಅರವತ್ತೈದರ ಹೆಂಗಸು. ಆ ದುಡ್ಡಿನ ಒಂದು ಚೂರಲ್ಲಿ ಬಚ್ಚಲಿನ ಬಾಗಿಲನ್ನು ವೀಲ್ ಚೇರ್ ಹೋಗುವಷ್ಟು, ಮೂರಡಿ ಮಾಡಿಸಬಹುದು, ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಟೈಲ್ಸ್, ಅಂಗಳದಿಂದ ಒಳಗೆ ಮೆಟ್ಟಿಲಿಲ್ಲದ ಇಳಿಜಾರು ಹಾಕಿಸಬಹುದು. ಕಟ್ಟುವಾಗಲೇ ಮಾಡಿದರೆ ಇವೆಲ್ಲ ಅಗ್ಗ.

ಇನ್ನೊಂದು ಉಪಾಯವನ್ನೂ ಗೆಳೆಯರಿಗೆ ಹೇಳುತ್ತಿದ್ದೇನೆ, ನಗುತ್ತಾರೆ. ಇಲ್ಲಿ ಪಿ.ಜಿ. ಆಸ್ಪತ್ರೆ ಟ್ಯಾಕ್ಸಿಯಲ್ಲಿ ಹತ್ತಿಪ್ಪತ್ತು ನಿಮಿಷ. ಕುಂದಾಪುರದಿಂದ ಮಣಿಪಾಲ ನಲವತ್ತು ಕಿಲೋಮೀಟರಿನಷ್ಟು. ಜಡಿಮಳೆ ಸುರಿಯುವ, ರಾತ್ರಿ ಕರೆಂಟು ಹೋಗುವ ಊರಲ್ಲಿ ಮೂವತ್ತು ವರ್ಷದ ನಂತರ ನಾವಿಬ್ಬರೇ ಇರಬಲ್ಲೆವೇ? ಪಂಚಾಂಗ ಹಾಕುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬಾಡಿಗೆ ಮನೆ ಹಿಡಿದು ಇದ್ದು ನೋಡಿ. ಹೇಗೂ ಆ ನಾಲ್ಕು ತಿಂಗಳು ಅಲ್ಲಿ ಯಾವ ಮೇಸ್ತ್ರಿಯೂ ಹೊರಗಿನ ಕೆಲಸ ಹಿಡಿಯುವುದಿಲ್ಲ. ಬಾಡಿಗೆ, ಮುಂಗಡ, ರೈಲಿನ ಟಿಕೆಟು ಎಲ್ಲ ಸೇರಿಸಿದರೂ ಆ 36 ಲಕ್ಷದ ಮುಂದೆ ಎಷ್ಟಾದೀತು?